ಬೆನ್ನು ತೋರಿಸಿ ಕೂತವನು

“ಹಾಡಿಗೊಂದು ಸಲ ಬರ್ತಾನಲ್ಲ, ಸ್ಪೀಕರ್ ಪೆಟ್ಟಿಗೆಗೆ ಎದೆ ಒತ್ತಿ, ನಮಗೆ ಬೆನ್ನು ತೋರಿಸಿ ಕೂತವನು, ಅವನು ದೇವರು,” ಎಂದರು ವಿಮರ್ಶಕರು. “ಕಿವುಡಾದ ದೇವರು. ಸುತ್ತ ಊರಿಗೆ ಊರೇ ಕುಣಿದ್ರೂ ತಿರುಗಿ ನೋಡಲ್ಲ. ಅದಕ್ಕೇ ನೀವು ರಾಕ್ ಹಾಡುಗಳನ್ನ ಆರಿಸಿಕೊಂಡಿದ್ದು. ಇದು ಪ್ರಾರ್ಥನೆ ಅಲ್ಲ, ದೇವರ ಜೊತೆ ಜಗಳ.”

ಸಭೆ ಚಪ್ಪಾಳೆ ತಟ್ಟಿತು. ಚಿತ್ರ ಆಗಷ್ಟೇ ಮುಗಿದಿತ್ತು. ನಮ್ಮ ಅಪ್ಪಂದಿರ ಕಾಲದ ರಾಕ್ ಹಾಡುಗಳನ್ನೇ ಒಂದರ ಹಿಂದೊಂದು ಪೋಣಿಸಿ ಮಾಡಿದ ಚಿತ್ರ. ವಿಮರ್ಶಕರಿಗೆ ಸ್ನೇಹಿತರು ಇಟ್ಟ ಹೆಸರು ‘ಅರ್ಥದ ಅಂಗಡಿ’. ಕೊಡೆ ಕಂಡರೆ ಆಕಾಶದ ಭಯ, ಚಪ್ಪಲಿ ಕಂಡರೆ ಅಧಿಕಾರದ ಮದ. ಆ ಅಂಗಡಿಯಲ್ಲಿ ಸರಕು ಇಲ್ಲ ಎನ್ನುವ ಮಾತೇ ಇಲ್ಲ. ಇವತ್ತು ಹಳದಿ ಬಾಗಿಲು, ತಂತಿ ಹರಿದ ಗಿಟಾರು, ಒಡೆದ ಕನ್ನಡಿ ಎಲ್ಲವೂ ಬಿಕರಿಯಾಗಿದ್ದವು. ವೇದಿಕೆಯ ಮೇಲೆ ಯುವ ನಿರ್ದೇಶಕ ಗಲ್ಲಕ್ಕೆ ಕೈ ಕೊಟ್ಟು ತಲೆದೂಗುತ್ತಿದ್ದ, ತನ್ನ ಚಿತ್ರದ ಅರ್ಥ ತನಗೂ ಈಗಲೇ ಹೊಳೆಯಿತೆಂಬಂತೆ.

ಎರಡನೆಯ ಸಾಲಿನಲ್ಲಿದ್ದ ಅವನ ಅಕ್ಕನಿಗೆ ಮೈಯೆಲ್ಲ ಉರಿಯಿತು. ಆ ದೇವರು ಅವಳ ಪಕ್ಕದಲ್ಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅವರಿಬ್ಬರ ದೊಡ್ಡಣ್ಣ. ತಗಡಿನ ಕಾರ್ಖಾನೆಯಲ್ಲಿ ಅಚ್ಚೊತ್ತುವ ಯಂತ್ರದ ಮುಂದೆ ನಿಂತೂ ನಿಂತೂ ಪ್ರಾಯದಲ್ಲೇ ಕಿವಿ ಕಳೆದುಕೊಂಡವನು. ಕೆಲಸದಿಂದ ಬಂದವನೇ ಸ್ಪೀಕರ್ ಪೆಟ್ಟಿಗೆಗೆ ಎದೆಯೊತ್ತಿ ಕೂರುತ್ತಿದ್ದ. “ಬೇರೆ ಹಾಡು ಬಾಗಿಲಲ್ಲೇ ನಿಂತುಬಿಡ್ತವೆ. ಇವು ಮಾತ್ರ ಒದ್ದುಕೊಂಡು ಒಳಗೆ ಬರ್ತವೆ,” ಎನ್ನುತ್ತಿದ್ದ. ತಮ್ಮ ಈ ಹಾಡುಗಳನ್ನೆಲ್ಲ ಕಲಿತದ್ದು ಆ ಬೆನ್ನಿಗೆ ಅಂಟಿಕೊಂಡೇ. ಅವನನ್ನು ಸಿನಿಮಾ ಶಾಲೆಯಲ್ಲಿ ಓದಿಸಿದ್ದೂ ಅಣ್ಣನ ಕಿವಿ ತಿಂದ ಆ ಯಂತ್ರವೇ. ತೆರೆಯ ಮೇಲೆ ಕಾಫಿ ಕೊಟ್ಟವರ ಹೆಸರೂ ಬಂತು, ಅಣ್ಣನದು ಬರಲಿಲ್ಲ. ಹೋಗಲಿ, ಎಲ್ಲರೆದುರು ಬಾಯಲ್ಲಾದರೂ ಒಂದು ಸಲ ಹೇಳಲಿ ಎಂಬ ಆಸೆಯಿಂದ ಅವಳು ಅಣ್ಣನನ್ನು ಕರೆತಂದಿದ್ದಳು.

“ಏನಂತಿದಾರೆ?” ಎಂದು ಅಣ್ಣ ಕೇಳಿದ. ಅವನಿಗೆ ಮುಂದಿನ ಸಾಲಿನಲ್ಲಿದ್ದ ವಿಮರ್ಶಕರ ಬೋಳುತಲೆಯ ಹಿಂಭಾಗವಷ್ಟೇ ಕಾಣುತ್ತಿತ್ತು.

ಅವಳು ಅವನತ್ತ ಮುಖ ತಿರುಗಿಸಿ, ದನಿ ಹೊರಡಿಸದೆ, ತುಟಿ ಬಿಡಿಸಿ ಹೇಳಿದಳು: “ಆ ಬೆನ್ನು ಯಾರದು ಅಂತ ಈಗ ನಾನೇ ಕೇಳ್ತೀನಿ. ನೀನು ತಮ್ಮನ ಬಾಯಿ ನೋಡ್ತಿರು.”

ಎದ್ದು ನಿಂತು, ಒಡಹುಟ್ಟಿದ ತಮ್ಮನನ್ನು ಬಹುವಚನದಲ್ಲೇ ಕೇಳಿದಳು. “ಅಷ್ಟು ದೊಡ್ಡ ಅರ್ಥ ನಮಗೆ ತಿಳಿಯಲ್ಲ. ಆ ಕೂತವನು ನಿಜವಾದ ಮನುಷ್ಯನಾ? ನಿಮ್ಮ ಮನೆಯವರೇ ಯಾರಾದ್ರೂನಾ?”

ನಿರ್ದೇಶಕನ ಮುಖ ಹುಳ್ಳಗಾಯಿತು. ಅಕ್ಕನನ್ನು ನೋಡಿದ, ಅವಳ ಪಕ್ಕದ ಇಸ್ತ್ರಿ ಅಂಗಿಯನ್ನು ನೋಡಿದ, ಕೊನೆಗೆ ವಿಮರ್ಶಕರನ್ನು ನೋಡಿದ.

“ಅಲ್ಲ,” ಎಂದ.

ವಿಮರ್ಶಕರು ನಕ್ಕರು. “ಕಲೆ ಅಂದ್ರೆ ಮನೆಯ ಫೋಟೋ ಆಲ್ಬಮ್ಮಾ ತಾಯಿ? ನೀವೇ ಹೇಳಿ ಸಾರ್.”

“ಅಲ್ಲ,” ಎಂದ ನಿರ್ದೇಶಕ ಮತ್ತೊಮ್ಮೆ, ಈ ಸಲ ಸ್ವಲ್ಪ ಸಲೀಸಾಗಿ.

ಮತ್ತೆ ಚಪ್ಪಾಳೆ. ಅವಳು ಕುರ್ಚಿಯಲ್ಲಿ ಕುಸಿದಳು. ಅಣ್ಣ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಅವನ ಕಣ್ಣು ತುಂಬಿದ್ದವು.

“‘ಅಣ್ಣ’ ಅಂದ,” ಎಂದ. “ನೋಡಿದ್ಯಾ? ಅಷ್ಟು ಜನರ ಮುಂದೆ. ಎರಡು ಸಲ ಅಂದ.”

ತುಟಿ ನೋಡಿ ಮಾತು ತಿಳಿಯುವವನಿಗೆ ‘ಅಲ್ಲ’ವೂ ಒಂದೇ, ‘ಅಣ್ಣ’ನೂ ಒಂದೇ. ಎರಡನ್ನೂ ಬೇರೆ ಮಾಡುವುದು ನಾಲಿಗೆ, ಅದು ಒಳಗೆಲ್ಲೋ ಇರುತ್ತದೆ. ತಿದ್ದಬೇಕೆಂದು ಅವಳು ಬಾಯಿ ತೆರೆದಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು.

ಸಭೆ ಕರಗಿದ ಮೇಲೆ ತಮ್ಮ ಇಳಿದು ಬಂದ. ಅಣ್ಣನ ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿ ಗೊಣಗಿದ. “ಅಕ್ಕಾ, ಇಲ್ಲಿ ಹಾಗೆಲ್ಲ ಹೇಳಕ್ಕಾಗಲ್ಲ. ದೇವರು ಅಂದ್ರೆ ಚಿತ್ರ ನಾಲ್ಕು ದೇಶಕ್ಕೆ ಹೋಗತ್ತೆ. ಅಣ್ಣ ಅಂದ್ರೆ ಅಳುಬುರುಕ ಕಥೆ ಅಂತಾರೆ.”

“ನನಗ್ಯಾಕೆ ಹೇಳ್ತೀಯ?” ಎಂದಳು ಅವಳು. “ನೀನು ‘ಅಲ್ಲ’ ಅಂದಿದ್ದು ಅವನಿಗೆ ‘ಅಣ್ಣ’ ಅಂತ ಕಂಡಿದೆ. ಅಷ್ಟಕ್ಕೇ ಕಣ್ಣೀರು ಹಾಕ್ಕೊಂಡಿದಾನೆ, ನೋಡ್ಕೋ ಹೋಗು.”

ತಮ್ಮ ಅಣ್ಣನತ್ತ ತಿರುಗಿದ. ಅಷ್ಟರಲ್ಲಿ ಅಣ್ಣನೇ ಬಂದು ಅವನ ಎರಡೂ ಭುಜ ಹಿಡಿದುಕೊಂಡ. “ಎಲ್ಲರ ಮುಂದೆ ನಾನು ಯಾರು ಅಂತ ಹೇಳೇಬಿಟ್ಟೆಯಲ್ಲೋ. ಏನು ಅಗತ್ಯ ಇತ್ತು?”

ತಮ್ಮ ತಲೆಯೆತ್ತಿದ. ಅಣ್ಣನ ಮುಖವನ್ನು ನೇರವಾಗಿ ನೋಡಿ, ಎಷ್ಟೋ ವರ್ಷಗಳ ಮೇಲೆ, ನಿಜವಾಗಿಯೇ ಕರೆದ.

“ಅಣ್ಣ.”

ಅಣ್ಣ ಅವನ ತುಟಿಯನ್ನೇ ನೋಡಿ ನಕ್ಕ, ಕೆನ್ನೆ ತಟ್ಟಿದ.

“ಈಗ ‘ಅಲ್ಲ’ ಅನ್ಬೇಡ. ನೀನು ಹೇಳಿದ್ದನ್ನ ಕಣ್ಣಾರೆ ಕಂಡಿದೀನಿ.”