ತುಳಸಿ ಗಿಡದ ಹಚ್ಚೆ

ಜಪಾನಿನ ಬೆಟ್ಟದ ಮೇಲೆ ಬಿಸಿನೀರಿನ ಬುಗ್ಗೆಯ ವಸತಿಗೃಹವೊಂದಿತ್ತು. ಅಲ್ಲಿ ಹೆಂಗಸರೆಲ್ಲ ಒಟ್ಟಿಗೇ ಬರಿಮೈಯಲ್ಲಿ ನೀರಿಗಿಳಿಯಬೇಕು. ಹಚ್ಚೆ ಕಂಡರೆ ಮಾತ್ರ ಒಳಗೆ ಬಿಡುವುದಿಲ್ಲ.

"ಪೇಟೆ ಹೋಟೆಲೇ ಸಾಕು ಅತ್ತೆ, ರೂಮಲ್ಲೇ ಬಚ್ಚಲಿದೆ," ಎಂದಳು ಸೊಸೆ ಮೇದಿನಿ.

ಸಾವಂತ್ರಮ್ಮನಿಗೆ ಮೈಯೆಲ್ಲ ಉರಿಯಿತು. "ಮಂಡಿನೋವು ಹೋಗ್ಲಿ ಅಂತ ಸಮುದ್ರ ದಾಟಿ ಬಂದೋಳು ನಾನು. ನನ್ ಕೈಮೇಲಿನ ತುಳಸಿಗಿಡ ಕಂಡ್ರೆ ನಿಂಗೆ ನಾಚಿಕೆಯೇನೇ?"

"ಹಂಗಲ್ಲ ಅತ್ತೆ... ಮುಚ್ಕೊಳ್ಳೋಕೆ ಪಟ್ಟಿ ಕೊಡ್ತಾರಂತೆ, ಆದ್ರೂ..."

"ದೇವ್ರನ್ನ ಮುಚ್ಚಿಟ್ಟು ಮೀಯ್ಲಾ? ಬಾಗಿಲಲ್ಲೇ ಕೈ ಚಾಚಿ ನಿಲ್ತೀನಿ, ತಡೀಲಿ ನೋಡಾಣ! ಹಾಕಿಸ್ಕೊಂಡ ಹಚ್ಚೇನ ಬಚ್ಚಿಡೋಳು ಹೆಂಗಸೇ ಅಲ್ಲ!"

ಮದುವೆಯಾದ ಐದು ವರ್ಷದಲ್ಲಿ ಎಂಥ ಸೆಖೆಗೂ ತುಂಬುತೋಳಿನ ಕುರ್ತಾ ಬಿಡದಿದ್ದ ಮೇದಿನಿ ಅತ್ತೆಯ ಕಣ್ಣೆದುರೇ ಅದರ ತೋಳನ್ನು ಭುಜದವರೆಗೂ ಮೇಲೇರಿಸಿದಳು. ಅಲ್ಲೊಂದು ನವಿಲು ಗರಿಬಿಚ್ಚಿ ನಿಂತಿತ್ತು.