ಹಳದಿ ತಲೆಯ ಕಲ್ಲು

ಕಾರು ಘಟ್ಟದ ತಿರುವಿನಲ್ಲಿ ಜಾರಿ ಚರಂಡಿಗೆ ಮಗುಚಿತ್ತು. ಅವನ ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿತ್ತು. ಒಡೆದ ಗಾಜಿನಾಚೆ ಕಾಣುತ್ತಿದ್ದುದು ಹಳದಿ ತಲೆಯ ಮೈಲಿಗಲ್ಲೊಂದೇ. ಆಂಬುಲೆನ್ಸ್‌ನವರಿಗೆ ಫೋನ್ ಮಾಡಿ, ಅದರ ಮೇಲಿದ್ದ ಹೆದ್ದಾರಿ ನಂಬರು, ಕಿಲೋಮೀಟರು ಓದಿ ಹೇಳಿದ.

“ಆ ಹೆದ್ದಾರಿ ನಂಬರ್ ರದ್ದಾಗಿದೆ ಸರ್,” ಎಂದಳು ಆ ಕಡೆಯ ಹುಡುಗಿ. “ಕಿಲೋಮೀಟರ್ ಲೆಕ್ಕಾನೂ ಬದಲಾಗಿದೆ. ಹೊಸದು ಹೇಳಿ.”

“ಕಲ್ಲಿನ ಮೇಲೆ ಹಳೇದೇ ಇದೆಯಮ್ಮಾ.”

“ಇರೋಕೆ ಸಾಧ್ಯ ಇಲ್ಲ. ಘಟ್ಟದ ಎಲ್ಲಾ ಕಲ್ಲಿಗೂ ಹೊಸ ನಂಬರ್ ಬರೆಸಿದ್ದಾಯ್ತು ಅಂತ ಹೆದ್ದಾರಿ ಇಲಾಖೆಯಿಂದ ಪತ್ರ ಬಂದಿದೆ, ಇಲ್ಲೇ ನನ್ನೆದುರಿಗೆ ಅಂಟಿಸಿದೀವಿ. ಅದನ್ನ ನಂಬಿ ಹಳೇ ಪಟ್ಟಿ ಕಂಪ್ಯೂಟರಿಂದ ತೆಗೆದುಬಿಟ್ವಿ. ಬೇರೆ ಕಲ್ಲು ನೋಡಿ ಸರ್.”

“ಕಾಲು ಅಲ್ಲಾಡಿಸೋಕಾಗ್ತಿಲ್ಲ. ಘಟ್ಟದ ನಲವತ್ತು ತಿರುವೂ ಹುಡುಕಿಸಿ.”

“ಗಾಡಿ ಹೊರಡಿಸ್ತೀನಿ. ಆದ್ರೆ ತುಂಬಾ ತಡ ಆಗುತ್ತೆ. ನಿಮ್ಮ ಹೆಸರು?”

“ಹೆಸರು ಯಾಕಮ್ಮಾ? ಬೇಗ ಗಾಡಿ ಕಳಿಸಿ,” ಎಂದ. ಅವಳು ಮತ್ತೊಮ್ಮೆ ಕೇಳಿದಳು.

“ನಂಜುಂಡಾರಾಧ್ಯ.”

ಅಂಟಿಸಿದ್ದ ಕಾಗದ ಕಿತ್ತ ಸದ್ದು ಫೋನಿನಲ್ಲಿ ಕೇಳಿಸಿತು.

“ಒಂದೊಂದು ಕಲ್ಲನ್ನೂ ಖುದ್ದಾಗಿ ನೋಡಿದ್ದೇನೆ ಅಂತ ಈ ಪತ್ರಕ್ಕೆ ಸಹಿ ಹಾಕಿರೋ ಇಂಜಿನಿಯರ್ ನೀವೇನಾ ಸರ್?”