ಕೈ ಕೊಡುವ ಮಾತು

ಎಲ್ಲರ ಕಿವಿಗೂ ಅನುವಾದದ ಗುಂಡಿ ಬಂದ ಮೇಲೆ ಯಾರೂ ಯಾರ ಭಾಷೆಯನ್ನೂ ಕಲಿಯುತ್ತಿರಲಿಲ್ಲ. ಗುಂಡಿ ಪದಕ್ಕೆ ಪದ ಇಟ್ಟು ಹೇಳುತ್ತಿತ್ತು. ಮಿಕ್ಕಿದ್ದನ್ನು ಮದ್ದೂರಿನ ಗಾರ್ಮೆಂಟ್ಸ್ ಹೆಂಗಸರು ಏಟು ತಿಂದು ತಿಳಿದುಕೊಂಡಿದ್ದರು. ಇಂಗ್ಲೆಂಡಿನಿಂದ ಬಂದ ಮ್ಯಾನೇಜರ್ ಹಾರ್ಲಿ ಸಾಹೇಬ "ಇದು ಕೇಕಿನ ತುಂಡು" ಅಂದರೆ ಕೇಕು ಬರುವುದಿಲ್ಲ. ಅವನ ಭಾಷೆಯಲ್ಲಿ ಅದಕ್ಕೆ ಸುಲಭದ ಕೆಲಸ ಎಂದರ್ಥ; ಹೊಲಿಯಲು ಇನ್ನೊಂದು ರಾಶಿ ಕಾಲರು ತಂದು ಸುರಿಯುತ್ತಾನೆ.

ಆವತ್ತು ಅವನು ತುಂಬು ಬಸುರಿ ಶಿವಲಿಂಗಿಯ ಮುಂದೆ ನಿಂತು, "ನಿನ್ನನ್ನು ಹೋಗಲು ಬಿಡುತ್ತಿದ್ದೇವೆ" ಎಂದ.

ಕೆಲಸಕ್ಕೆ ಹೊಸಬಳಾದ ಶಿವಲಿಂಗಿ ಹಿಗ್ಗಿ ಊಟದ ಡಬ್ಬಿ ಎತ್ತಿಕೊಂಡಳು. "ರಜ ಕೊಟ್ರು, ಚಿಕ್ಕತಾಯಕ್ಕ!"

"ರಜ ಅಲ್ಲ ಕಣೇ, ಕೆಲಸದಿಂದ ತೆಗೆದವ್ನೆ," ಎಂದಳು ಪಕ್ಕದ ಮಿಷನ್ನಿನ ಚಿಕ್ಕತಾಯಮ್ಮ, ಮೆಲ್ಲಗೆ. ಶಿವಲಿಂಗಿ ಡಬ್ಬಿ ಹಿಡಿದೇ ಕುಸಿದು ಕೂತಳು.

ಸಾಹೇಬ ಆಗಲೇ ಮಿಕ್ಕವರತ್ತ ತಿರುಗಿದ್ದ. "ನಾಳೆ ಸರಕು ಹಡಗಿಗೆ ಹೊರಡಬೇಕು. ನಿಮ್ಮನ್ನೇ ನಂಬಿದ್ದೇನೆ."

ಚಿಕ್ಕತಾಯಮ್ಮ ಎದ್ದು ನಿಂತಳು. "ಯೋಚ್ನೆ ಬಿಡಿ ಸಾರ್. ನಾವೆಲ್ಲ ಸೇರಿ ನಿಮಗೆ ಕೈ ಕೊಡ್ತೀವಿ."

ಸಾಲಿನುದ್ದಕ್ಕೂ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗುಂಡಿ ಎಂದಿನಂತೆ ಪದಕ್ಕೆ ಪದ ಇಟ್ಟಿತು. ಸಾಹೇಬನ ಭಾಷೆಯಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಅವನು ಮುಖ ಅರಳಿಸಿ ಎಲ್ಲರಿಗೂ ಕೈ ಮುಗಿದ.

ಮರುದಿನ ಮಿಷನ್ನುಗಳೆಲ್ಲ ಸುಮ್ಮನಿದ್ದವು. ಶಿವಲಿಂಗಿಯನ್ನು ವಾಪಸು ಸೇರಿಸಿಕೊಳ್ಳುವ ತನಕ ಒಳಗೆ ಬರುವುದಿಲ್ಲವೆಂದು ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡು ಗೇಟಿನ ಹೊರಗೆ ಕೂತಿದ್ದರು. ಸಾಹೇಬ ಓಡಿ ಬಂದ.

"ಕೈ ಕೊಡುತ್ತೇವೆ ಅಂದಿದ್ದಿರಲ್ಲ!"

"ಕೊಟ್ವಲ್ಲ ಸಾರ್," ಎಂದಳು ಚಿಕ್ಕತಾಯಮ್ಮ.